ಹಳೆಯ ಗ್ಯಾಸ್ ಇಂಜಿನ್ನಿಂದ ಜನರೇಟರ್: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮಳೆಗಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕರೆಂಟಿನದೇ ಮಾತು. ಈ ಸಲ ಒಂದೇ ವಿಷಯದ ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಗ್ಯಾಸಿನಲ್ಲಿ ಓಡುವ ಹಳೆಯ ಇಂಜಿನ್ ತಂದು, ಅದಕ್ಕೆ ಆಲ್ಟರ್ನೇಟರ್ ಜೋಡಿಸಿ, ಮನೆ ಅಥವಾ ತೋಟದಲ್ಲಿ ಒಂದೆಡೆ ಕೂರಿಸುವ ಆಲೋಚನೆ ಈಗ ಅನೇಕರಿಗಿದೆ. ಒಳ್ಳೆಯ ಆಲೋಚನೆಯೇ. ಆದರೆ ಮೊದಲು ಲೋಡ್ ಲೆಕ್ಕ ಹಾಕಬೇಕು, ಆಮೇಲೆ ಗ್ಯಾಸ್ ಎಲ್ಲಿಂದ, ಎಷ್ಟು ಬರುತ್ತದೆಂದು ನೋಡಬೇಕು, ಇಂಜಿನ್ ಹುಡುಕುವುದು ಕೊನೆಗೆ. ಹೆಚ್ಚಿನವರು ಅಗ್ಗಕ್ಕೆ ಸಿಕ್ಕಿತೆಂದು ಇಂಜಿನ್ ತಂದಿಟ್ಟು, ಉಳಿದದ್ದನ್ನು ಅದಕ್ಕೆ ಹೊಂದಿಸಲು ಹೆಣಗುತ್ತಾರೆ. ದುಡ್ಡು ಹಾಳಾಗುವುದು ಅಲ್ಲೇ.

ಪ್ರಶ್ನೆ: ನಮ್ಮದು ಕಾಫಿ ತೋಟ. ಹಳೆಯ ಮಾರುತಿ ಓಮ್ನಿಯ ಎಲ್‌ಪಿಜಿ ಇಂಜಿನ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. 37 ಎಚ್‌ಪಿ ಇದೆ, 20 ಕೆವಿಎ ಜನರೇಟರ್ ಆರಾಮಾಗಿ ತಿರುಗಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಮನೆಯ ಜೊತೆಗೆ 5 ಎಚ್‌ಪಿ ಪಂಪ್‌ಸೆಟ್ಟೂ ಓಡಬೇಕು. ಕೊಳ್ಳಬಹುದೇ?
— ಬೆಳೆಗಾರರು, ಮೂಡಿಗೆರೆ

ಉತ್ತರ: ಈ ಕೆಲಸಕ್ಕೆ ಬೇಡ. ಕಾರಿನ ಇಂಜಿನ್ನಿಗೆ ಹೇಳುವ ಎಚ್‌ಪಿ ಅದು 5000 ಆರ್‌ಪಿಎಂ ತಿರುಗುವಾಗಿನದು. ನಮ್ಮ 50 ಹರ್ಟ್ಸ್ ಕರೆಂಟಿಗೆ ನಾಲ್ಕು ಪೋಲಿನ ಆಲ್ಟರ್ನೇಟರ್ 1500 ಆರ್‌ಪಿಎಂನಲ್ಲೇ ತಿರುಗಬೇಕು. ಆ ವೇಗದಲ್ಲಿ ಇಂಜಿನ್ ಕೊಡುವ ಶಕ್ತಿ ಪುಸ್ತಕದಲ್ಲಿ ಬರೆದದ್ದರ ಮೂರನೇ ಒಂದು ಪಾಲೂ ಇರುವುದಿಲ್ಲ.

ಒಂದು ಸರಳ ಅಂದಾಜು ನೆನಪಿಡಿ. ಟರ್ಬೊ ಇಲ್ಲದ ಗ್ಯಾಸ್ ಇಂಜಿನ್ 1500 ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಬೇಕಾದರೆ, ಪ್ರತಿ ಲೀಟರ್ ಇಂಜಿನ್ ಅಳತೆಗೆ ಸುಮಾರು 6 ಕಿಲೋವ್ಯಾಟ್ ಕರೆಂಟ್ ನಿರೀಕ್ಷಿಸಬಹುದು. ಓಮ್ನಿಯದು 796 ಸಿಸಿ, ಎಂದರೆ 4.8 ಕಿಲೋವ್ಯಾಟ್. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, 100 ಮೀಟರಿಗೆ ಸುಮಾರು ಶೇ 1ರಷ್ಟು ಶಕ್ತಿ ಇಳಿಯುತ್ತದೆ. ನಿಮ್ಮ ಊರು ಸಾವಿರ ಮೀಟರಿನ ಹತ್ತಿರದಲ್ಲಿದೆ. ಹತ್ತನೇ ಒಂದು ಪಾಲು ಕಳೆದರೆ ಉಳಿಯುವುದು 4.3 ಕಿಲೋವ್ಯಾಟ್.

5 ಎಚ್‌ಪಿ ಮೋಟರು ಓಡುತ್ತಿರುವಾಗಲೇ 4.5 ಕಿಲೋವ್ಯಾಟಿನಷ್ಟು ಎಳೆಯುತ್ತದೆ. ನೇರ ಸ್ಟಾರ್ಟರ್ ಇದ್ದರೆ, ಶುರುವಾಗುವ ಕ್ಷಣದಲ್ಲಿ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಬೇಡುತ್ತದೆ. ಬೆಲ್ಟ್ ಹಾಕಿ ಇಂಜಿನ್ನನ್ನು 2250 ಆರ್‌ಪಿಎಂನಲ್ಲಿ ಓಡಿಸಿ ಆಲ್ಟರ್ನೇಟರನ್ನು 1500ರಲ್ಲಿ ಇಟ್ಟರೆ ಶಕ್ತಿ ಒಂದೂವರೆ ಪಟ್ಟು ಸಿಗುತ್ತದೆ ನಿಜ. ಆಗಲೂ ಪಂಪ್ ಶುರುವಾಗುವಾಗ ಇಂಜಿನ್ ಮುಗ್ಗರಿಸುತ್ತದೆ.

ನಿಮ್ಮ ಲೋಡಿಗೆ 2 ಲೀಟರಿಗಿಂತ ದೊಡ್ಡ ಇಂಜಿನ್, 15 ಕೆವಿಎ ಆಲ್ಟರ್ನೇಟರ್, ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬೇಕು. ದೀಪ, ಫ್ರಿಜ್, ಟಿವಿ, ಮಿಕ್ಸಿ ಇಷ್ಟೇ ಆಗಿದ್ದರೆ ಓಮ್ನಿ ಇಂಜಿನ್ ಸಾಲುತ್ತಿತ್ತು.

ಖರ್ಚನ್ನೂ ಮೊದಲೇ ನೋಡಿಕೊಳ್ಳಿ. ಇಷ್ಟು ಸಣ್ಣ ಇಂಜಿನ್ ಒಂದು ಯುನಿಟ್ ಕರೆಂಟಿಗೆ ಸುಮಾರು 400 ಗ್ರಾಂ ಎಲ್‌ಪಿಜಿ ಸುಡುತ್ತದೆ. ಸಣ್ಣ ಡೀಸೆಲ್ ಜನರೇಟರ್ ಲೀಟರಿನ ಮೂರನೇ ಒಂದು ಪಾಲು ಡೀಸೆಲ್ ಸುಡುತ್ತದೆ. ಎರಡನ್ನೂ ನಿಮ್ಮ ಊರಿನ ಇಂದಿನ ದರದಿಂದ ಗುಣಿಸಿ. ಗ್ಯಾಸ್ ಯಾವಾಗಲೂ ಅಗ್ಗವಾಗಿರುವುದಿಲ್ಲ. ಕಡಿಮೆ ಹೊಗೆ, ಕಡಿಮೆ ಸದ್ದು, ತಿಂಗಳುಗಟ್ಟಲೆ ಇಟ್ಟರೂ ಕೆಡದ ಇಂಧನ — ಅದರ ನಿಜವಾದ ಲಾಭ ಇವು.

ಪ್ರಶ್ನೆ: ಐಟಿಐ ಮುಗಿಸಿ ಗ್ಯಾರೇಜ್ ಇಟ್ಟಿದ್ದೇನೆ. ಗಿರಾಕಿಯೊಬ್ಬರಿಗೆ 10 ಕಿಲೋವ್ಯಾಟಿನ ಗ್ಯಾಸ್ ಜನರೇಟರ್ ಮಾಡಿಕೊಡಬೇಕು. ಪೆಟ್ರೋಲ್ ಕಾರಿನ ಇಂಜಿನ್ನಿಗೆ ಗ್ಯಾಸ್ ಕಿಟ್ ಹಾಕುವುದೋ, ಫೋರ್ಕ್‌ಲಿಫ್ಟ್ ಇಂಜಿನ್ ಹುಡುಕುವುದೋ?
— ಮೆಕ್ಯಾನಿಕ್, ಶಿವಮೊಗ್ಗ

ಉತ್ತರ: ಸಿಕ್ಕರೆ ಫೋರ್ಕ್‌ಲಿಫ್ಟಿನದೇ ತನ್ನಿ. ನಮ್ಮಲ್ಲಿ ಡೀಸೆಲ್ ಫೋರ್ಕ್‌ಲಿಫ್ಟ್‌ಗಳೇ ಹೆಚ್ಚು, ಗ್ಯಾಸಿನವು ಕಡಿಮೆ. ಆದರೂ ದೊಡ್ಡ ಗೋದಾಮುಗಳು ಹಳೆಯ ಗಾಡಿ ಮಾರುವಾಗ ಅಪರೂಪಕ್ಕೆ ಬರುತ್ತವೆ. ಟೊಯೊಟಾ 4ವೈ, ನಿಸ್ಸಾನ್ ಎಚ್20, ಕೆ21, ಕೆ25 — ಇವು ಈ ಕೆಲಸಕ್ಕೇ ಹೆಸರಾದ ನಾಲ್ಕು ಸಿಲಿಂಡರಿನ ಇಂಜಿನ್‌ಗಳು. 4ವೈ 2237 ಸಿಸಿಯದು. ನನ್ನ ಅಂದಾಜಿನಂತೆ 1500 ಆರ್‌ಪಿಎಂನಲ್ಲಿ 13 ಕಿಲೋವ್ಯಾಟ್ ಸಿಗುತ್ತದೆ. ನಿಮ್ಮ 10ಕ್ಕೆ ಸರಿಯಾದ ಜೋಡಿ.

ಮುಖ್ಯ ಕಾರಣ ವಾಲ್ವ್ ಸೀಟ್. ಗ್ಯಾಸ್ ಒಣ ಇಂಧನ. ಪೆಟ್ರೋಲಿನ ಹನಿಗಳು ವಾಲ್ವಿನ ಬುಡವನ್ನು ತಂಪು ಮಾಡುವ ಹಾಗೆ ಇದು ಮಾಡುವುದಿಲ್ಲ. ಸೀಟ್ ಮೆತ್ತಗಿನ ಕಬ್ಬಿಣದ್ದಾದರೆ ಎಕ್ಸಾಸ್ಟ್ ವಾಲ್ವ್ ಬಡಿದು ಬಡಿದು ಹೆಡ್ಡಿನೊಳಗೆ ಇಳಿಯುತ್ತಾ ಹೋಗುತ್ತದೆ, ಟ್ಯಾಪೆಟ್ ಸಂದು ಮುಚ್ಚಿಹೋಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಗ್ಯಾಸಿಗೆಂದೇ ಮಾಡಿದ ಇಂಜಿನ್ನಿನಲ್ಲಿ ಗಟ್ಟಿ ಲೋಹದ ಸೀಟ್ ಕೂರಿಸಿರುತ್ತಾರೆ. ಪೆಟ್ರೋಲ್ ಇಂಜಿನ್ನನ್ನೇ ಬಳಸುವುದಾದರೆ ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ಹಾಕಿಸಿ. ಇಲ್ಲವಾದರೆ ಮೊದಲ ನೂರಾರು ಗಂಟೆ ಮೇಲಿಂದ ಮೇಲೆ ಟ್ಯಾಪೆಟ್ ಅಳೆಯುತ್ತಿರಿ.

ಎರಡನೆಯದು ಗವರ್ನರ್. ಕಾರಿನ ಇಂಜಿನ್ನಿಗೆ ಚಾಲಕನ ಕಾಲೇ ಗವರ್ನರ್. ಫ್ರಿಜ್ ಆನ್ ಆದ ಕೂಡಲೇ ಥ್ರಾಟಲ್ ತೆರೆಯುವವರು ಜನರೇಟರಿನಲ್ಲಿ ಯಾರೂ ಇಲ್ಲ. ಫ್ಲೈವೀಲಿನ ಹಲ್ಲುಗಳನ್ನು ಎಣಿಸುವ ಸೆನ್ಸರ್, ಥ್ರಾಟಲನ್ನು ಆಡಿಸುವ ಆಕ್ಚುಯೇಟರ್ ಇರುವ ಎಲೆಕ್ಟ್ರಾನಿಕ್ ಗವರ್ನರ್ ಹಾಕಿ. ಲೋಡಿಲ್ಲದಾಗ 52 ಹರ್ಟ್ಸ್, ತುಂಬು ಲೋಡಿನಲ್ಲಿ 50ಕ್ಕೆ ನಿಂತರೆ ಮನೆಗೆ ಸಾಕು. ಎವಿಆರ್ ಇದೆಯಲ್ಲ ಎಂದು ಕೆಲವರು ಗವರ್ನರಿನ ಖರ್ಚು ಉಳಿಸುತ್ತಾರೆ. ಎವಿಆರ್ ಕಾಯುವುದು ವೋಲ್ಟೇಜನ್ನು ಮಾತ್ರ. ಹರ್ಟ್ಸ್ ಕಾಯುವುದು ಗವರ್ನರೇ.

ಮೂರನೆಯದು ತಂಪು. ಓಡುವ ಕಾರಿಗೆ ಎದುರುಗಾಳಿ ಸಿಗುತ್ತದೆ. ನಿಂತ ಇಂಜಿನ್ನಿಗೆ ದೊಡ್ಡ ರೇಡಿಯೇಟರ್, ಬಲವಾದ ಫ್ಯಾನ್ ಬೇಕು. ಫೋರ್ಕ್‌ಲಿಫ್ಟ್ ಇಂಜಿನ್ ಕೊಳ್ಳುವಾಗ ಅದರ ರೇಡಿಯೇಟರ್, ಫ್ಯಾನ್, ಮಿಕ್ಸರ್, ಗ್ಯಾಸ್ ರೆಡ್ಯೂಸರ್, ವೈರಿಂಗ್ ಎಲ್ಲವನ್ನೂ ಸೇರಿಸಿಯೇ ಬೆಲೆ ಮಾತಾಡಿ. ಬಿಡಿಬಿಡಿಯಾಗಿ ಹುಡುಕಲು ಹೊರಟರೆ ಇಂಜಿನ್ನಿಗಿಂತ ಹೆಚ್ಚು ಖರ್ಚಾಗುತ್ತದೆ.

ಹೊರದೇಶದಿಂದ ಬಂದ ಇಂಜಿನ್ ಶುದ್ಧ ಪ್ರೊಪೇನಿಗೆ ಹೊಂದಿಸಿದ್ದಾಗಿರಬಹುದು. ನಮ್ಮ ಎಲ್‌ಪಿಜಿಯಲ್ಲಿ ಬ್ಯೂಟೇನ್ ಬಹಳ ಇರುತ್ತದೆ, ಅದರ ಆಕ್ಟೇನ್ ಕಡಿಮೆ. ಲೋಡ್ ಹಾಕಿದಾಗ ಟಕಟಕ ಸದ್ದು ಕೇಳಿದರೆ ಇಗ್ನಿಷನ್ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಹೊಂದಿಸಿ.

ಪ್ರಶ್ನೆ: ಗ್ಯಾಸ್ ಫೋರ್ಕ್‌ಲಿಫ್ಟ್ ಒಂದನ್ನು ನೋಡಲು ಹೋಗುತ್ತಿದ್ದೇನೆ. ಗಾಡಿ ಇನ್ನೂ ಓಡುತ್ತಿದೆಯಂತೆ. ಇಂಜಿನ್ ಚೆನ್ನಾಗಿದೆಯೇ ಎಂದು ಅಲ್ಲೇ ತಿಳಿಯುವುದು ಹೇಗೆ?
— ಅಡಿಕೆ ಬೆಳೆಗಾರರು, ಪುತ್ತೂರು

ಉತ್ತರ: ಗಾಡಿಯೊಳಗೇ ಓಡುತ್ತಿರುವ ಇಂಜಿನ್ ಸಿಕ್ಕಿದ್ದು ನಿಮ್ಮ ಅದೃಷ್ಟ. ಬಿಚ್ಚಿ ನೆಲದ ಮೇಲಿಟ್ಟ ಇಂಜಿನ್ ಏನನ್ನೂ ಹೇಳುವುದಿಲ್ಲ. ಈ ಕ್ರಮದಲ್ಲಿ ನೋಡಿ.

ಹೋಗುವ ಮೊದಲೇ ಫೋನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ರೋಗವಿದ್ದರೆ ತಿಳಿಯುವುದು ತಣ್ಣನೆಯ ಸ್ಟಾರ್ಟಿನಲ್ಲಿ.

ಆಯಿಲ್ ಕಡ್ಡಿ ಎಳೆದು ನೋಡಿ. ಗ್ಯಾಸ್ ಇಂಜಿನ್ನಿನಲ್ಲಿ ಮಸಿ ಕಡಿಮೆ, ಇಂಧನ ಆಯಿಲ್‌ಗೆ ಬೆರೆಯುವುದೂ ಇಲ್ಲ. ಹಾಗಾಗಿ ಹಳೆಯ ಆಯಿಲ್ ಕೂಡ ಹೊಂಬಣ್ಣದಲ್ಲೇ ಕಾಣಬಹುದು. ಬಣ್ಣ ನೋಡಿ ಆರೈಕೆ ಚೆನ್ನಾಗಿದೆ ಎಂದುಕೊಳ್ಳಬೇಡಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನಂಥ ಕೆನೆ, ರೇಡಿಯೇಟರ್ ನೀರಿನ ಮೇಲೆ ಎಣ್ಣೆ ಪಸೆ ಇವೆಯೇ ನೋಡಿ. ಎರಡೂ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಲೆಕ್ಕ.

ಗಂಟೆ ಮೀಟರ್ ಓದಿ. ಇಂಜಿನ್ನಿನ ಒಂದು ಗಂಟೆ ಕಾರಿನ ಸುಮಾರು 50 ಕಿಲೋಮೀಟರಿಗೆ ಸಮ ಎಂದಿಟ್ಟುಕೊಳ್ಳಿ. 10,000 ಗಂಟೆ ಎಂದರೆ 5 ಲಕ್ಷ ಕಿಲೋಮೀಟರ್. ಮೀಟರ್ ಕಡಿಮೆ ತೋರಿಸುತ್ತಿದ್ದು ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಪೆಡಲನ್ನೇ ನಂಬಿ.

ಈಗ ಸ್ಟಾರ್ಟ್ ಮಾಡಿಸಿ. ಸೈಲೆನ್ಸರಿನಿಂದ ಮೊದಲು ಬಿಳಿ ಹಬೆ, ನೀರ ಹನಿ ಬಂದರೆ ಹೆದರಬೇಡಿ. ಗ್ಯಾಸ್ ಉರಿದಾಗ ನೀರಾವಿ ಬಹಳ ಬರುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ನೀಲಿ ಹೊಗೆ ಬಂದರೆ ಬೇಡ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ರೈಲಿನಂತೆ ಹೊಗೆ ಉಗುಳಿದರೆ ರಿಂಗ್ ಸವೆದಿವೆ.

ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ತುಂಬು ಬ್ಯಾಟರಿಯಲ್ಲಿ ಅಳೆಯಬೇಕು. ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 180 ಪಿಎಸ್ಐ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಶೇ 15 ಮೀರಬಾರದು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನ ದೋಷ. ವಾಲ್ವ್ ಕೆಲಸ ಹೆಡ್ ಬಿಚ್ಚಿದರೆ ಮುಗಿಯುತ್ತದೆ. ರಿಂಗಿಗೆ ಪೂರ್ತಿ ಇಂಜಿನ್ ಇಳಿಸಬೇಕು. ಬೆಲೆ ಮಾತಾಡುವಾಗ ಈ ವ್ಯತ್ಯಾಸ ನೆನಪಿರಲಿ.

ಕೊನೆಯದು ಲೋಡ್. ಫೋರ್ಕ್‌ಲಿಫ್ಟಿನಲ್ಲೇ ಇದಕ್ಕೊಂದು ಉಪಾಯವಿದೆ. ಚಾಲಕರಿಗೆ ಹೇಳಿ ಮಾಸ್ಟನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಆಮೇಲೂ ಟಿಲ್ಟ್ ಲಿವರ್ ಕೆಲವು ಸೆಕೆಂಡ್ ಹಿಡಿದಿರಲಿ. ಹೈಡ್ರಾಲಿಕ್ ಪಂಪಿಗೆ ಪೂರ್ತಿ ಒತ್ತಡ ಬಿದ್ದು ಇಂಜಿನ್ನಿನ ಮೇಲೆ ಹೊರೆ ಬರುತ್ತದೆ. ವೇಗ ಸ್ವಲ್ಪ ಇಳಿದು ಕೂಡಲೇ ಸುಧಾರಿಸಿಕೊಳ್ಳಬೇಕು. ಮಿಸ್ ಹೊಡೆದರೆ, ನಿಂತುಹೋದರೆ ಕಾರಣ ತಿಳಿಯದೆ ಮುಂಗಡ ಕೊಡಬೇಡಿ. ಅರ್ಧ ಗಂಟೆ ಭಾರ ಎತ್ತಿ ಇಳಿಸಿ ಮಾಡಿಸಿ, ಟೆಂಪರೇಚರ್ ಮುಳ್ಳು ಒಂದೆಡೆ ನಿಲ್ಲುತ್ತದೆಯೇ ನೋಡಿ.

ಇಷ್ಟೆಲ್ಲ ಸರಿ ಇದ್ದರೂ ಗ್ಯಾಸ್ ರೆಡ್ಯೂಸರಿನ ರಬ್ಬರ್ ಡಯಾಫ್ರಮ್ ವಯಸ್ಸಾದಂತೆ ಗಟ್ಟಿಯಾಗಿರುತ್ತದೆ. ರಿಪೇರಿ ಕಿಟ್ಟಿನ ಹಣ ಬೇರೆ ಎತ್ತಿಡಿ.

ಪ್ರಶ್ನೆ: ಅಮೆರಿಕದ ವರ್ಮಾಂಟಿನ ಹಳ್ಳಿಯಲ್ಲಿದ್ದೇವೆ. ಮನೆಗೆ 500 ಗ್ಯಾಲನ್ನಿನ ಪ್ರೊಪೇನ್ ಟ್ಯಾಂಕ್ ಇದೆ. ಹಿಮಗಾಳಿಗೆ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಹಳೆಯ ಫೋರ್ಕ್‌ಲಿಫ್ಟಿನ ಜಿಎಂ 3.0, ಜಿಎಂ 4.3 ಮತ್ತು ಫೋರ್ಡ್ 300 ಇಂಜಿನ್‌ಗಳು ಸಿಗುತ್ತಿವೆ. ನಮ್ಮ ಲೋಡ್ 10 ಕಿಲೋವ್ಯಾಟ್. ಯಾವುದು ಒಳ್ಳೆಯದು?
— ವರ್ಮಾಂಟಿನ ಕನ್ನಡತಿ

ಉತ್ತರ: ನಿಮ್ಮಲ್ಲಿ ಇಂಥ ಇಂಜಿನ್‌ಗಳ ಆಯ್ಕೆಯೂ ಇದೆ, ಇಂಧನವೂ ಅಂಗಳದಲ್ಲೇ ಇದೆ. ಅಲ್ಲಿ ಕರೆಂಟ್ 60 ಹರ್ಟ್ಸ್ ಆದ್ದರಿಂದ ಇಂಜಿನ್ 1800 ಆರ್‌ಪಿಎಂ ತಿರುಗಬೇಕು. ಆಗ ಲೀಟರಿಗೆ 7ರಿಂದ 7.5 ಕಿಲೋವ್ಯಾಟ್ ಸಿಗುತ್ತದೆ. ನಾಲ್ಕು ಸಿಲಿಂಡರಿನ ಜಿಎಂ 3.0 ಸುಮಾರು 21 ಕಿಲೋವ್ಯಾಟ್ ಕೊಡುತ್ತದೆ. ನಿಮಗೆ ಅದೇ ಧಾರಾಳ. ವಿ6 ಆದ ಜಿಎಂ 4.3, 4.9 ಲೀಟರಿನ ಫೋರ್ಡ್ 300 ಎರಡೂ ಗಟ್ಟಿ ಇಂಜಿನ್‌ಗಳೇ. ಆದರೆ ದೊಡ್ಡ ಇಂಜಿನ್ ಸಣ್ಣ ಲೋಡಿನಲ್ಲಿ ಓಡಿದರೆ ಸುಮ್ಮನೆ ಗ್ಯಾಸ್ ನುಂಗುತ್ತದೆ. ಫೋರ್ಡ್ 300ರ ತಯಾರಿಕೆ 1996ಕ್ಕೆ ನಿಂತಿತು. ಅದರಲ್ಲಿ ಟೈಮಿಂಗ್ ಬೆಲ್ಟೂ ಇಲ್ಲ, ಚೈನೂ ಇಲ್ಲ, ಗೇರ್ ಇದೆ. ಅದನ್ನೇ ಕೊಳ್ಳುವುದಾದರೆ ಕ್ಯಾಮ್ ಗೇರ್ ಫೈಬರಿನದೋ ಲೋಹದ್ದೋ ನೋಡಿ, ಫೈಬರಾದರೆ ಬದಲಿಸಿ.

ಒಂದು ವಿಷಯ ಮರೆಯಬೇಡಿ. ಫೋರ್ಕ್‌ಲಿಫ್ಟ್ ತನ್ನ ಸಿಲಿಂಡರಿನಿಂದ ದ್ರವರೂಪದ ಪ್ರೊಪೇನ್ ಎಳೆದು, ರೇಡಿಯೇಟರಿನ ಬಿಸಿನೀರಿನಿಂದ ಅದನ್ನು ಆವಿ ಮಾಡಿಕೊಳ್ಳುತ್ತದೆ. ನಿಮ್ಮ ಮನೆಯ ಟ್ಯಾಂಕ್ ಮೇಲಿನಿಂದ ಆವಿಯನ್ನೇ ಕೊಡುತ್ತದೆ, ಅದೂ ಬಹಳ ಕಡಿಮೆ ಒತ್ತಡದಲ್ಲಿ. ಆದ್ದರಿಂದ ಹಳೆಯ ವೇಪೊರೈಸರ್ ಬದಲು ಆವಿಗೆ ಹೊಂದುವ ರೆಗ್ಯುಲೇಟರ್ ಹಾಕಿಸಬೇಕು. ಪೈಪ್ ಸಣ್ಣದಾದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಲೋಡ್ ಬಿದ್ದ ಕೂಡಲೇ ಸಾಯುತ್ತದೆ. ಪೈಪಿನ ಅಳತೆ, ಜೋಡಣೆ ಎರಡನ್ನೂ ಲೈಸೆನ್ಸ್ ಇರುವ ಗ್ಯಾಸ್ ಫಿಟ್ಟರಿಗೇ ಬಿಡಿ.

500 ಗ್ಯಾಲನ್ ಟ್ಯಾಂಕಿಗೆ ತುಂಬುವುದು ಶೇ 80, ಎಂದರೆ 400 ಗ್ಯಾಲನ್. 10 ಕಿಲೋವ್ಯಾಟಿಗೆ ಗಂಟೆಗೆ ಸುಮಾರು 2 ಗ್ಯಾಲನ್ ಬೇಕು. ಚಳಿಯಲ್ಲಿ ಟ್ಯಾಂಕ್ ಖಾಲಿಯಾದಷ್ಟೂ ಆವಿ ಹುಟ್ಟುವುದು ಕಡಿಮೆಯಾಗುವುದರಿಂದ ಕೊನೆಯ 100 ಗ್ಯಾಲನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ 300ರಲ್ಲಿ 150 ಗಂಟೆ, ಬಿಡದೆ ಓಡಿಸಿದರೂ ಆರು ದಿನ. ಮನೆ ಬಿಸಿ ಮಾಡುವುದೂ ಅದೇ ಟ್ಯಾಂಕಿನಿಂದಾದರೆ ಆ ಗ್ಯಾಸನ್ನು ಇದರಲ್ಲೇ ಕಳೆಯಬೇಕು. ಚಳಿಗಾಲ ಶುರುವಾಗುವ ಮುನ್ನ ಟ್ಯಾಂಕ್ ತುಂಬಿಸಿ, ಇಂಜಿನ್ನಿಗೆ ಬ್ಲಾಕ್ ಹೀಟರ್ ಹಾಕಿಸಿ.

ಪ್ರಶ್ನೆ: 3 ಕಿಲೋವ್ಯಾಟಿನ ಗ್ಯಾಸ್ ಜನರೇಟರ್ ಇದೆ. ಅಡುಗೆಯ ಸಿಲಿಂಡರ್ ಜೋಡಿಸಿದ್ದೇವೆ. ಒಂದೆರಡು ಗಂಟೆಯಲ್ಲಿ ಸಿಲಿಂಡರಿನ ಮೇಲೆ ಮಂಜು ಕಟ್ಟಿ ಇಂಜಿನ್ ನಿಲ್ಲುತ್ತದೆ. ಅಲ್ಲಾಡಿಸಿದರೆ ಗ್ಯಾಸ್ ಇನ್ನೂ ಇದೆ. ಏನು ಮಾಡಬೇಕು?
— ಹೋಂಸ್ಟೇ ನಡೆಸುವವರು, ಮಡಿಕೇರಿ

ಉತ್ತರ: ಮೊದಲು ಆ ಸಿಲಿಂಡರನ್ನು ಅಡುಗೆಮನೆಗೆ ಹಿಂತಿರುಗಿಸಿ. 14.2 ಕೆಜಿಯ ಮನೆಬಳಕೆ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸುವುದು 2000ರ ಎಲ್‌ಪಿಜಿ ಆದೇಶದ ಪ್ರಕಾರ ಅಪರಾಧ. ನಿಮ್ಮ ಬಳಕೆಗೆ ಇರುವುದು 19 ಕೆಜಿ ಮತ್ತು 47.5 ಕೆಜಿಯ ವಾಣಿಜ್ಯ ಸಿಲಿಂಡರ್.

ಮಂಜಿನ ಕಾರಣ ಇದು. ದ್ರವ ಆವಿಯಾಗಲು ಬಿಸಿ ಬೇಕು. ಅದನ್ನು ಸಿಲಿಂಡರ್ ಸುತ್ತಲಿನ ಗಾಳಿಯಿಂದ ಪಡೆಯುತ್ತದೆ. ಇಂಜಿನ್ ಗಂಟೆಗೆ ಒಂದು ಕೆಜಿಗಿಂತ ಹೆಚ್ಚು ಎಳೆದರೆ ಒಂದೇ ಸಿಲಿಂಡರಿಗೆ ಅಷ್ಟು ಬಿಸಿ ಒದಗುವುದಿಲ್ಲ. ಅದು ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲೇ. ನಮ್ಮ ಗ್ಯಾಸಿನಲ್ಲಿ ಬ್ಯೂಟೇನ್ ಹೆಚ್ಚಿರುವುದರಿಂದ ಮಡಿಕೇರಿಯ ಚಳಿಯಲ್ಲಿ ತೊಂದರೆ ಇನ್ನೂ ಬೇಗ ಕಾಣುತ್ತದೆ.

ಪರಿಹಾರ ಸುಲಭ. ಎರಡು ಮೂರು ವಾಣಿಜ್ಯ ಸಿಲಿಂಡರುಗಳನ್ನು ಮ್ಯಾನಿಫೋಲ್ಡಿನಿಂದ ಜೋಡಿಸಿದರೆ ಎಳೆತ ಹಂಚಿಹೋಗುತ್ತದೆ. ಏಜೆನ್ಸಿಯ ಫಿಟ್ಟರಿನಿಂದಲೇ ಮಾಡಿಸಿ. ಲೈಸೆನ್ಸ್ ಇಲ್ಲದೆ 100 ಕೆಜಿಗಿಂತ ಹೆಚ್ಚು ಎಲ್‌ಪಿಜಿ ಇಡುವಂತಿಲ್ಲ ಎಂಬುದೂ ತಿಳಿದಿರಲಿ. ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಬೆಂಕಿ ಹತ್ತಿರ ಇಡುವುದು, ಅಡ್ಡ ಮಲಗಿಸುವುದು, ತಲೆಕೆಳಗು ಮಾಡುವುದು ಬೇಡವೇ ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಅದು ಸಾವಿನೊಡನೆ ಆಟ.

ಪ್ರಶ್ನೆ: ನಮ್ಮಲ್ಲಿ ಗೋಬರ್ ಗ್ಯಾಸ್ ಇದೆ. ಎಲ್‌ಪಿಜಿ ಇಂಜಿನ್ ಅದರಲ್ಲೇ ಓಡೀತೇ?
— ಹೈನುಗಾರರು, ಶಿರಸಿ

ಉತ್ತರ: ಓಡುತ್ತದೆ, ಆದರೆ ಹಾಗೇ ಜೋಡಿಸಿದರೆ ಇಲ್ಲ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇ 55ರಿಂದ 60 ಮಾತ್ರ. ಎಲ್‌ಪಿಜಿಗಿಂತ ಎಷ್ಟೋ ಹೆಚ್ಚು ಗ್ಯಾಸ್ ಒಳಗೆ ಹೋಗಬೇಕಾದ್ದರಿಂದ ಮಿಕ್ಸರ್ ಬೇರೆಯೇ ಬೇಕು. ಅದರಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೇರಿಂಗನ್ನೂ ಎಕ್ಸಾಸ್ಟ್ ವಾಲ್ವನ್ನೂ ತಿನ್ನುತ್ತದೆ. ಕಬ್ಬಿಣದ ಚೂರು ತುಂಬಿದ ಡ್ರಮ್ಮಿನ ಮೂಲಕ ಗ್ಯಾಸ್ ಹಾಯಿಸಿ, ನೀರು ಇಳಿಸುವ ಟ್ರ್ಯಾಪ್ ಇಟ್ಟು, ಆಯಿಲನ್ನು ಬೇಗ ಬೇಗ ಬದಲಿಸಿ.

ಲೆಕ್ಕವೂ ಇರಲಿ. 25 ಕೆಜಿ ಸಗಣಿಯಿಂದ ದಿನಕ್ಕೆ ಸುಮಾರು ಒಂದು ಘನ ಮೀಟರ್ ಗ್ಯಾಸ್, ಅದರಿಂದ ಸಣ್ಣ ಇಂಜಿನ್ನಿನಲ್ಲಿ ಒಂದೂಕಾಲು ಯುನಿಟ್ ಕರೆಂಟ್. ಎರಡು ಮೂರು ಹಸುಗಳ ಮನೆಯಾದರೆ ಆ ಗ್ಯಾಸ್ ಒಲೆಗೇ ಇರಲಿ. ದೊಡ್ಡ ಹಟ್ಟಿ ಇದ್ದರೆ ಮಾತ್ರ ಇಂಜಿನ್ ಯೋಚಿಸಿ.

ಪ್ರಶ್ನೆ: ಯಜಮಾನರು ಗ್ಯಾಸ್ ಜನರೇಟರನ್ನು ಮನೆಯ ನೆಲಮಾಳಿಗೆಯಲ್ಲಿ ಇಡುವುದೆಂದು ಹೇಳುತ್ತಿದ್ದಾರೆ. ಸದ್ದು ಕೇಳುವುದಿಲ್ಲವಂತೆ. ಪ್ಲಗ್ ಪಾಯಿಂಟಿಗೆ ವೈರ್ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದಂತೆ. ನನಗೆ ಭಯ. ನನ್ನ ಭಯ ಸರಿಯೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಪೂರ್ತಿ ಸರಿ, ತಾಯೀ. ಈ ಉತ್ತರವನ್ನು ಯಜಮಾನರಿಗೆ ಓದಿಸಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ. ನೆಲದ ಮೇಲೆ ಹರಡಿ ತಗ್ಗಿನಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ಸ್ಟಾರ್ಟರ್ ಮೋಟರಿನ ಒಂದು ಕಿಡಿ ಸಾಕು. ನೆಲಮಾಳಿಗೆಯಲ್ಲಿ ಹೊಗೆಯ ಅಪಾಯವೂ ಇದೆ. ಗ್ಯಾಸ್ ಇಂಜಿನ್ನಿನ ಹೊಗೆ ಕಣ್ಣಿಗೆ ಕಾಣದೆ ಇದ್ದರೂ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಆದ್ದರಿಂದ ಜನರೇಟರ್ ಮನೆಯಿಂದ ದೂರ, ನೆಲಮಟ್ಟಕ್ಕಿಂತ ಎತ್ತರದ ಕಟ್ಟೆಯ ಮೇಲೆ, ಮಳೆಗೆ ಮಾಡು ಮಾತ್ರ ಇದ್ದು ಬದಿಗಳು ತೆರೆದಿರುವ ಕಡೆ ಇರಲಿ. ಗೋಡೆ ಬೇಕೇಬೇಕೆಂದರೆ ನೆಲಕ್ಕೆ ತಾಗಿದಂತೆ ಕಿಂಡಿ ಬಿಡಿ. ಸೈಲೆನ್ಸರಿನ ಬಾಯಿ ಕಿಟಕಿಗೂ ಹಟ್ಟಿಗೂ ಎದುರಾಗಬಾರದು. ಸಿಲಿಂಡರ್ ಇಂಜಿನ್ನಿನಿಂದ ದೂರ, ನೆರಳಲ್ಲಿ, ನೆಟ್ಟಗೆ ನಿಂತಿರಲಿ. ಜೋಡಣೆಗಳಿಗೆ ಆಗಾಗ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತಿರಿ. ಇಂಜಿನ್ ನಿಂತಾಗ ಗ್ಯಾಸ್ ತಾನಾಗಿ ಮುಚ್ಚುವ ಲಾಕ್-ಆಫ್ ವಾಲ್ವ್ ಇರಲೇಬೇಕು.

ಇನ್ನು ಪ್ಲಗ್ಗಿಗೆ ವೈರ್ ಚುಚ್ಚುವ ಮಾತು. ಹಾಗೆ ಕೊಟ್ಟ ಕರೆಂಟ್ ಮೀಟರ್ ದಾಟಿ ಹೊರಗಿನ ಲೈನಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ನಿಮ್ಮ ಮನೆಗೆ ಬೆಳಕು ಕೊಡಲೆಂದೇ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಲೈನ್ ಆಫ್ ಆಗಿದೆಯೆಂದು ನಂಬಿ ತಂತಿ ಮುಟ್ಟುತ್ತಾರೆ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಲೈನ್ ಮತ್ತು ಜನರೇಟರ್ ಎರಡೂ ಒಮ್ಮೆಗೇ ಸೇರಲಾಗದಂಥ, ನ್ಯೂಟ್ರಲನ್ನೂ ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಹಾಕಿಸಿ, ಜನರೇಟರಿಗೆ ಬೇರೆ ಅರ್ಥಿಂಗ್ ಮಾಡಿಸಿ. ಇವೆರಡೂ ಮುಗಿಯುವವರೆಗೆ ಎಷ್ಟೇ ಕತ್ತಲಿದ್ದರೂ ಇಂಜಿನ್ ಸ್ಟಾರ್ಟ್ ಮಾಡಲು ಬಿಡಬೇಡಿ.